ಓರೆ ಮೂಲೆಯ ಪಟ್ಟಿ

ಮನೆ ಕಟ್ಟಿಸಿದವರು ತಲೆಬಾಗಿಲನ್ನು ನೋಡಿ ಹಿಗ್ಗುತ್ತಾರೆ. ಮನೆ ನೋಡಲು ಬಂದವರು ನೆಲದ ಹೊಳಪನ್ನು ಕಂಡು ಮೆಚ್ಚುತ್ತಾರೆ. ಕಸುಬುದಾರನು ಮಾತ್ರ ಒಳಗೆ ಕಾಲಿಟ್ಟೊಡನೆ ತಲೆಯೆತ್ತಿ ಮೂಲೆಯನ್ನು ನೋಡುತ್ತಾನೆ. ಎರಡು ಗೋಡೆಗಳು ಮತ್ತು ಒಂದು ಮೇಲ್ಛಾವಣಿ, ಹೀಗೆ ಮೂರು ಮೈಗಳು ಬಂದು ಕೂಡುವ ಆ ಒಂದು ಬಿಂದುವಿನಲ್ಲಿ ಕಟ್ಟಿದವನ ಲೆಕ್ಕವೆಲ್ಲ ಬಯಲಾಗುತ್ತದೆ. ನಡುಗೋಡೆಯ ಓರೆಕೋರೆಯನ್ನು ಸುಣ್ಣ ಬಣ್ಣಗಳು ಮುಚ್ಚಬಲ್ಲವು, ಮೂಲೆಯದನ್ನು ಮುಚ್ಚಲಾರವು. ಅಲ್ಲಿ ಅಲಂಕಾರದ ಪಟ್ಟಿಯೊಂದನ್ನು ಕೂರಿಸಹೊರಟರಂತೂ ಅಷ್ಟು ವರ್ಷ ಯಾರ ಕಣ್ಣಿಗೂ ಬೀಳದಿದ್ದ ಓರೆ ಎದ್ದು ನಿಲ್ಲುತ್ತದೆ.

ಗೋಡೆ ಮತ್ತು ಛಾವಣಿ ಕೂಡುವೆಡೆಯಲ್ಲಿ ಸುತ್ತಲೂ ಓಡುವ ಉಬ್ಬುತಗ್ಗಿನ ಈ ಅಂಚುಪಟ್ಟಿಗೆ ನಮ್ಮ ಕಡೆ ಕಾರ್ನಿಸ್ ಎಂದೇ ಹೆಸರು. ಗ್ರೀಕರ ಮತ್ತು ರೋಮನರ ಕಟ್ಟಡಗಳಲ್ಲಿ ಇದು ಹೊರಗೋಡೆಯ ನೆತ್ತಿಯಲ್ಲಿದ್ದು, ಮಳೆಯ ನೀರು ಗೋಡೆಗೆ ಇಳಿಯದಂತೆ ದೂರಕ್ಕೆ ಚೆಲ್ಲುವ ಕೆಲಸ ಮಾಡುತ್ತಿತ್ತು. ಒಳಕ್ಕೆ ಬಂದ ಮೇಲೆ ಅದರ ಕೆಲಸ ಬೇರೆಯಾಯಿತು. ಗೋಡೆ ಒಂದು ವಸ್ತು, ಛಾವಣಿ ಇನ್ನೊಂದು ವಸ್ತು; ಬಿಸಿಲಿಗೆ ಹಿಗ್ಗುವುದರಲ್ಲಿ, ಚಳಿಗೆ ಕುಗ್ಗುವುದರಲ್ಲಿ ಎರಡಕ್ಕೂ ಹೊಂದಿಕೆಯಿಲ್ಲ. ಆದ್ದರಿಂದ ಅವು ಕೂಡಿದ ಗೆರೆಯಲ್ಲಿ ಎಂದಾದರೊಂದು ದಿನ ಕೂದಲೆಳೆಯ ಬಿರುಕು ಮೂಡಿಯೇ ಮೂಡುತ್ತದೆ. ಅದನ್ನು ಮರೆಮಾಡುವುದು ಪಟ್ಟಿಯ ಕೆಲಸ. ಅಲಂಕಾರವೆಂದು ನಾವು ಕರೆಯುವ ಎಷ್ಟೋ ಸಂಗತಿಗಳು ಒಂದು ಕಾಲಕ್ಕೆ ಉಪಯೋಗದಿಂದಲೇ ಹುಟ್ಟಿದವು.

ಮೂಲೆಯೊಡನೆ ಸೆಣಸುವುದು ನಮ್ಮ ಸೀಮೆಗೆ ಹೊಸತಲ್ಲ. ಬೀದರಿನ ಹೊರವಲಯದ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿಗಳಿವೆ. ಕೆಳಗೆ ಚೌಕಾದ ಕೋಣೆ, ಮೇಲೆ ದುಂಡನೆಯ ಗುಮ್ಮಟ. ಚೌಕದ ಮೇಲೆ ದುಂಡು ಕೂರುವುದೆಂತು? ಅಲ್ಲಿನ ಕುಶಲಿಗರು ನಾಲ್ಕು ಮೂಲೆಗಳಿಗೂ ಅಡ್ಡಲಾಗಿ ಕಮಾನು ಕಟ್ಟಿ ಚೌಕವನ್ನು ಎಂಟು ಮೂಲೆಯದಾಗಿ ಮಾಡಿ, ಅಲ್ಲಿಂದ ದುಂಡಿಗೆ ಹೋದರು. ಅವರಿಗಿಂತ ಮುಂಚೆ ಚಾಲುಕ್ಯರ ಕಾಲದ ಶಿಲ್ಪಿಗಳು ಗುಡಿಯ ಭುವನೇಶ್ವರಿಯಲ್ಲಿ ಮೂಲೆಗೆ ಅಡ್ಡಗಲ್ಲು ಚಾಚಿ, ಚೌಕದೊಳಗೆ ತಿರುಗಿಸಿದ ಚೌಕವನ್ನು ಕೂರಿಸುತ್ತ ತೆರವನ್ನು ಕಿರಿದು ಮಾಡುತ್ತಿದ್ದರು. ಬೀದರ ಕೋಟೆಯ ರಂಗೀನ್ ಮಹಲಿನಲ್ಲಿ ಅಲಿ ಬರೀದ್ ಶಾಹನ (ಆಳ್ವಿಕೆ 1542ರಿಂದ 1580) ಕಾಲದ ಮರದ ಕಂಬ, ಬೋದಿಗೆ, ತೊಲೆಗಳ ಕೆತ್ತನೆಯನ್ನು ಇಂದಿಗೂ ನೋಡಬಹುದು. ನಾನು ಮಕ್ಕಳನ್ನು ಶಾಲಾ ಪ್ರವಾಸಕ್ಕೆ ಕರೆದೊಯ್ದಾಗಲೆಲ್ಲ ಅವರು ಕಪ್ಪುಕಲ್ಲಿನಲ್ಲಿ ಹುದುಗಿಸಿದ ಮುತ್ತಿನ ಚಿಪ್ಪಿನ ಹೊಳಪನ್ನು ನೋಡುತ್ತಿದ್ದರು. ನಾನು ಎರಡು ಮರಗಳು ಕೂಡಿದ ಸಂದುಗಳನ್ನು ನೋಡುತ್ತಿದ್ದೆನು. ಗಣಿತದ ಮೇಷ್ಟರ ಚಪಲವೆನ್ನಬಹುದು.

ಇಷ್ಟು ಪೀಠಿಕೆಯ ಬಳಿಕ ನಮ್ಮ ಮನೆಯ ವಿಷಯಕ್ಕೆ ಬರುತ್ತೇನೆ. ಬೇಮಳಖೇಡ ನಮ್ಮೂರು. ಮೊದಲು ಹುಮನಾಬಾದ ತಾಲ್ಲೂಕಿನಲ್ಲಿತ್ತು, ಈಗ ಚಿಟಗುಪ್ಪ ತಾಲ್ಲೂಕಿಗೆ ಸೇರಿದೆ. ಬೀದರಿನ ಪ್ರಸ್ಥಭೂಮಿಯ ಉದ್ದಕ್ಕೂ ಸಿಗುವ ಕೆಂಪು ಜಂಬುಕಲ್ಲಿನ ಗೋಡೆಗಳು, ಮೇಲೆ ಜಂತಿ ತೊಲೆಗಳ ಮಣ್ಣಿನ ಮಾಳಿಗೆ. ನಮ್ಮ ತಲೆಮಾರಿನವರು ಹುಟ್ಟಿ ಬೆಳೆದದ್ದು ಇಂಥ ಮನೆಗಳಲ್ಲಿ. ನಮ್ಮ ಮನೆಯ ಮಾಳಿಗೆ ಸೋರತೊಡಗಿ ಜಂತಿಗಳಿಗೆ ಗೆದ್ದಲು ಹತ್ತಿದ ಮೇಲೆ, ಗೋಡೆಗಳನ್ನು ಹಾಗೆಯೇ ಉಳಿಸಿಕೊಂಡು ಮೇಲೆ ಸಿಮೆಂಟಿನ ಸ್ಲ್ಯಾಬು ಹಾಕಿಸಿದೆವು. ಹಳೆಯ ಕಲ್ಲುಗೋಡೆ ಮತ್ತು ಹೊಸ ಸ್ಲ್ಯಾಬು ಕೂಡಿದಲ್ಲಿ ಮೇಲೆ ಹೇಳಿದ ಬಿರುಕು ಎರಡನೆಯ ಬೇಸಿಗೆಗೇ ಕಾಣಿಸಿಕೊಂಡಿತು. ತಮ್ಮನ ಮೊಮ್ಮಗಳ ಮದುವೆ ಗೊತ್ತಾದಾಗ ಮುಂಗೋಣೆಗೆ ಸಾಗುವಾನಿಯ ಕಾರ್ನಿಸ್ ಪಟ್ಟಿ ಹೊಡೆಸಬೇಕೆಂದು ತಮ್ಮನ ಮಗನು ಬಯಸಿದನು. ಹೈದರಾಬಾದಿನಲ್ಲಿ ಕೆಲಸದಲ್ಲಿರುವ ಅವನು ಅಲ್ಲಿಂದಲೇ ತಯಾರು ಪಟ್ಟಿಗಳನ್ನು ತಂದನು. ಛಾವಣಿಯ ಮೇಲೆ ಮೂರು ಅಂಗುಲ ಚಾಚುವ ಚೆಲುವಾದ ಪಟ್ಟಿಗಳು.

ಕೆಲಸಕ್ಕೆ ಮೊದಲು ಕೋಣೆಯನ್ನು ಅಳೆದಾಗ ಸಂಗತಿ ಹೊರಬಿತ್ತು. ಅಗಲ 12 ಅಡಿ. ಒಂದು ಪಕ್ಕದ ಉದ್ದ 16 ಅಡಿ, ಇನ್ನೊಂದು ಪಕ್ಕದ ಉದ್ದ 14 ಅಡಿ 9 ಅಂಗುಲ. ಅಂದರೆ ಓಣಿಯ ಕಡೆಯ ಗೋಡೆ ಒಂದು ತುದಿಯಲ್ಲಿ ಒಂದೂಕಾಲು ಅಡಿ ಒಳಕ್ಕೆ ಸರಿದಿದೆ. ಮೂಲೆಯಿಂದ ಒಂದು ಗೋಡೆಯ ಮೇಲೆ 3 ಅಡಿಗೂ ಇನ್ನೊಂದರ ಮೇಲೆ 4 ಅಡಿಗೂ ಗುರುತು ಹಾಕಿ ನಡುವಿನ ದೂರವನ್ನು ಅಳೆದರೆ, ಮೂಲೆ ಕಾಟಕೋನವಾಗಿದ್ದಲ್ಲಿ ಅದು ಸರಿಯಾಗಿ 5 ಅಡಿ ಬರಬೇಕು. ಇದು ಬೌಧಾಯನನ ಶುಲ್ಬಸೂತ್ರದ ಕಾಲದಿಂದ ತಿಳಿದ ಮಾತು. ಗೌಂಡಿಗಳು ಇಂದಿಗೂ ಗುನ್ಯಾ ಹಿಡಿಯದೆ ದಾರದಿಂದಲೇ ಇದನ್ನು ಮಾಡುತ್ತಾರೆ. ನಮ್ಮ ಹಿಂದಿನ ಎರಡು ಮೂಲೆಗಳು 5 ಅಡಿಗೆ ಸರಿಹೋದವು. ಓಣಿ ತಿರುಗುವ ಮೂಲೆಯಲ್ಲಿ ಸುಮಾರು ಮೂರು ಅಂಗುಲ ಹೆಚ್ಚು ಬಂದಿತು. ಅದರ ಎದುರು ಮೂಲೆಯಲ್ಲಿ ಸುಮಾರು ಮೂರು ಅಂಗುಲ ಕಡಿಮೆ. ಲೆಕ್ಕ ಹಾಕಿದರೆ ಮೊದಲನೆಯದು 96 ಡಿಗ್ರಿ, ಎರಡನೆಯದು 84 ಡಿಗ್ರಿ.

ಕಾಟಕೋನದ ಮೂಲೆಗೆ ಎರಡು ಪಟ್ಟಿಗಳನ್ನೂ 45 ಡಿಗ್ರಿಗೆ ಓರೆಯಾಗಿ ಕತ್ತರಿಸಿ ಕೂಡಿಸುವುದು ರೂಢಿ. ನಮ್ಮ ಕಡೆಯ ಬಡಿಗರ ಬಾಯಲ್ಲಿ ಈ ಓರೆಗತ್ತರಿಗೆ ‘ಕಲಮು’ ಎಂಬ ಚೆಂದದ ಹೆಸರುಂಟು. ಬೊರುವಿನ ಲೇಖನಿಯ ಮೂತಿಯನ್ನು ಓರೆಯಾಗಿ ಕೆತ್ತುತ್ತಿದ್ದುದನ್ನು ನೆನೆಯಿರಿ. 96 ಡಿಗ್ರಿಯ ಮೂಲೆಗೆ ಈ 45ರ ಕಲಮನ್ನು ಒಡ್ಡಿದರೆ ಏನಾಗುತ್ತದೆ? ಎರಡು ತುಂಡುಗಳೂ ಕೂಡಿ 90 ಡಿಗ್ರಿಯನ್ನಷ್ಟೇ ತುಂಬುತ್ತವೆ. ಉಳಿದ ಆರು ಡಿಗ್ರಿ ಬಾಯಿ ತೆರೆದುಕೊಳ್ಳುತ್ತದೆ. ಗೋಡೆಯ ಬಳಿ ಸಂದು ಕೂಡಿದಂತೆಯೇ ಇದ್ದು, ಕೋಣೆಯ ಕಡೆಗೆ ಬರಬರುತ್ತ ಅಗಲವಾಗಿ, ಮೂರು ಅಂಗುಲದ ಪಟ್ಟಿಯ ಮುಂಚೂಣಿಯಲ್ಲಿ ಅರ್ಧ ಅಂಗುಲಕ್ಕೆ ಸಮೀಪವಾದ ಕಂಡಿಯಾಗುತ್ತದೆ. 84 ಡಿಗ್ರಿಯ ಮೂಲೆಯಲ್ಲಿ ಇದರ ತಿರುವುಮುರುವು: ಮುಂದಿನ ತುದಿಗಳು ಮೊದಲೇ ಒಂದಕ್ಕೊಂದು ಢಿಕ್ಕಿ ಹೊಡೆದು, ಹಿಂದಿನ ಮೊನೆಗಳು ಗೋಡೆಯ ಮೂಲೆಯನ್ನು ಮುಟ್ಟುವುದೇ ಇಲ್ಲ.

ತಮ್ಮನ ಮಗನು ಕರೆತಂದ ಗುತ್ತಿಗೆದಾರನು ಇದನ್ನೆಲ್ಲ ನೋಡಿ ಒಂದು ಸಲಹೆ ಕೊಟ್ಟನು. ಓರೆಯಾದ ಗೋಡೆಯನ್ನು ಕೆಡವಿ ಒಂದೂಕಾಲು ಅಡಿ ಓಣಿಗೆ ಸರಿಸಿ ಕಟ್ಟಿದರೆ ಕೋಣೆ ನೆಟ್ಟಗಾಗುತ್ತದೆ. ದಾಖಲೆಯ ಪ್ರಕಾರ ಆ ಜಾಗವೂ ನಿಮ್ಮದೇ ಅಲ್ಲವೆ? ಮಾತು ಸುಳ್ಳಲ್ಲ. ಖಾತೆಯಲ್ಲಿ ನಮ್ಮ ಜಾಗದ ಎಲ್ಲೆ ನೇರಗೆರೆಯಾಗಿಯೇ ಇದೆ. ಹುಡುಗನಿಗೆ ಈ ಸಲಹೆ ಹಿಡಿಸಿತು. “ದೊಡ್ಡಪ್ಪಾ, ನಮ್ಮ ಜಾಗ ನಾವು ಬಿಟ್ಟುಕೊಡೂದು ಯಾಕ?” ಎಂದು ಕೇಳಿದನು. ಕೇಳುವುದರಲ್ಲಿ ತಪ್ಪೇನೂ ಇರಲಿಲ್ಲ. ಆ ಗೋಡೆ ಏಕೆ ಓರೆಯಾಯಿತೆಂಬುದನ್ನು ಅವನಿಗೆ ಯಾರೂ ಹೇಳಿರಲಿಲ್ಲ.

1972ರ ಬರಗಾಲವನ್ನು ನಮ್ಮ ಸೀಮೆಯ ಹಿರಿಯರು ಇಂದಿಗೂ ಮರೆತಿಲ್ಲ. ಆ ಬರ ಕಳೆದ ಬಳಿಕ, 1974ರಲ್ಲಿ, ನಮ್ಮ ತಂದೆಯವರು ಕುಸಿದುಬಿದ್ದ ಮುಂಗೋಡೆಯನ್ನು ಹೊಸದಾಗಿ ಎಬ್ಬಿಸಿದರು. ಕಲ್ಲುಗಳಲ್ಲಿ ಅರ್ಧದಷ್ಟನ್ನು ಅವ್ವನೂ ಅತ್ತೆಯೂ ತಲೆಯ ಮೇಲೆ ಹೊತ್ತು ತಂದರು. ಪಾಯ ತೋಡುವ ದಿನ ಪಕ್ಕದ ಮನೆಯ ಒಕ್ಕಲಿಗನು ಬಂದು ನಿಂತು, ಮೊದಲಿನ ಗೆರೆಯಲ್ಲೇ ಗೋಡೆ ಎದ್ದರೆ ತನ್ನ ತುಂಬಿದ ಬಂಡಿ ಓಣಿಯ ತಿರುವಿನಲ್ಲಿ ಸಿಕ್ಕಿಬೀಳುತ್ತದೆಂದು ಹೇಳಿದನು. ಹಳೆಯ ಗೋಡೆ ಕುಸಿದ ಮೇಲೆ ಒಂದು ವರ್ಷ ಅವನ ಬಂಡಿ ಸುಲಭವಾಗಿ ತಿರುಗಿತ್ತು. ಅದಕ್ಕೂ ಹಿಂದೆ ಪ್ರತಿ ಸುಗ್ಗಿಯಲ್ಲಿ ಅರ್ಧ ಕಾಳು ಇಳಿಸಿ ಹೊತ್ತು ತರಬೇಕಾಗುತ್ತಿತ್ತು. ತಂದೆಯವರು ಹೆಚ್ಚು ಮಾತಾಡುವವರಲ್ಲ. ಗೂಟವನ್ನು ಕಿತ್ತು ಒಂದು ಮೊಳಕ್ಕೆ ತುಸು ಕಡಿಮೆ ಒಳಕ್ಕೆ ನೆಟ್ಟು, ದಾರವನ್ನು ಮತ್ತೆ ಬಿಗಿದರು. ಕಾಗದಪತ್ರವಾಗಲಿ ಸಾಕ್ಷಿಯಾಗಲಿ ಇರಲಿಲ್ಲ. ಆಗ ನಾನು ಕಾಲೇಜಿನ ಹುಡುಗ, ದಾರದ ಇನ್ನೊಂದು ತುದಿಯನ್ನು ಹಿಡಿದಿದ್ದವನು. ಆ ಒಕ್ಕಲಿಗನೂ ನಮ್ಮ ತಂದೆಯವರೂ ಈಗ ಇಲ್ಲ. ಬಂಡಿಯೂ ಹೋಯಿತು. ಆದರೆ ಅವನ ಮಕ್ಕಳ ಟ್ರ್ಯಾಕ್ಟರು ಟ್ರಾಲಿಯೊಡನೆ ಅದೇ ತಿರುವಿನಲ್ಲಿ, ಅದೇ ಒಂದೂಕಾಲು ಅಡಿಯ ಆಸರೆಯಿಂದ ಇಂದಿಗೂ ತಿರುಗುತ್ತದೆ.

ನಾನು ಈ ಕಥೆಯನ್ನು ಹೇಳಿ ಮುಗಿಸಿದಾಗ ಹುಡುಗನು ಸುಮ್ಮನಾದನು, ಒಪ್ಪಿದನೆಂದು ಹೇಳಲಾರೆ. ಮದುವೆಯ ಮನೆ, ಬೀಗರು ಬರುವವರು, ಮೂಲೆಯಲ್ಲಿ ಬಿಟ್ಟ ಬಾಯಿ ಕಾಣಬಾರದೆಂಬ ಅವನ ಆತಂಕವೂ ಸಹಜವೇ. ತಮ್ಮನು ಎರಡು ಕಡೆಗೂ ತಲೆದೂಗುತ್ತಿದ್ದನು. ಈ ಬಿಕ್ಕಟ್ಟನ್ನು ಬಿಡಿಸಿದವನು ಊರಿನ ಬಡಿಗ. ಎಂಟನೆಯ ಇಯತ್ತೆಯವರೆಗೆ ನನ್ನ ಕೈಕೆಳಗೆ ಓದಿ, ಬಳಿಕ ಅಪ್ಪನ ಉಳಿಬಾಚಿಗಳನ್ನು ಹಿಡಿದವನು. ಕೋಣೆಯನ್ನು ಒಮ್ಮೆ ಸುತ್ತಿ ನೋಡಿ, “ಗ್ವಾಡಿ ಯಾಕ ಸರಸ್ತೀರಿ ಸರ್, ನಾ ಕಲಮು ಸರಸ್ತೀನ್ರಿ” ಎಂದನು.

ಅವನು ಮಾಡಿದ ಕ್ರಮವನ್ನು ವಿವರವಾಗಿ ಬರೆಯುವೆ. ಗಣಿತ ಕಲಿಸುವ ಕಿರಿಯ ಮಿತ್ರರಿಗೆ ತರಗತಿಯಲ್ಲಿ ಉಪಯೋಗಕ್ಕೆ ಬಂದೀತು. ಸಮಾನ ಅಗಲದ ಒಂದು ಹಲಗೆಚೂರನ್ನು ಛಾವಣಿಗೆ ಒತ್ತಿ, ಮೊದಲು ಒಂದು ಗೋಡೆಗೆ ತಾಗಿಸಿ ಅದರ ಹೊರ ಅಂಚಿನ ಗುಂಟ ಪೆನ್ಸಿಲಿನಿಂದ ಗೆರೆ ಎಳೆದನು. ಅದನ್ನೇ ಇನ್ನೊಂದು ಗೋಡೆಗೆ ತಾಗಿಸಿ ಎರಡನೆಯ ಗೆರೆ ಎಳೆದನು. ಗೆರೆಗಳು ಒಂದನ್ನೊಂದು ಕಡಿದ ಬಿಂದುವಿನಿಂದ ಗೋಡೆಯ ಮೂಲೆಗೆ ಮೂರನೆಯ ಗೆರೆ. ಕತ್ತರಿಸಬೇಕಾದ ಓರೆ ಅದೇ! ಆ ಬಿಂದುವು ಎರಡು ಗೋಡೆಗಳಿಂದಲೂ ಸಮದೂರದಲ್ಲಿದೆ. ಕೋನದ ಎರಡು ಬಾಹುಗಳಿಂದ ಸಮದೂರದಲ್ಲಿರುವ ಬಿಂದುವು ಕೋನಾರ್ಧಕದ ಮೇಲಿರುತ್ತದೆ. ಕೋನವನ್ನು ಸಮಭಾಗ ಮಾಡುವುದನ್ನು ಯೂಕ್ಲಿಡನು ತನ್ನ ಮೊದಲ ಪುಸ್ತಕದ ಒಂಬತ್ತನೆಯ ಪ್ರಮೇಯದಲ್ಲಿ ಹೇಳಿದನು. ನಮ್ಮ ಬಡಿಗನಿಗೆ ಡಿಗ್ರಿಯ ಅಂಕಿಯೇ ಬೇಕಾಗಲಿಲ್ಲ.

ಅಂಕಿ ಬೇಡವಾದದ್ದು ಒಳ್ಳೆಯದೇ ಆಯಿತು, ಏಕೆಂದರೆ ಇಲ್ಲೊಂದು ಬಲೆ ಇತ್ತು. 96ರ ಅರ್ಧ 48. 84ರ ಅರ್ಧ 42. ಈ 48 ಮತ್ತು 42 ಗೋಡೆಯ ಗೆರೆಯಿಂದ ಅಳೆದ ಕೋನಗಳು. ಆದರೆ ಪೇಟೆಯ ಕತ್ತರಿಯಂತ್ರದ ಡಯಲಿನಲ್ಲಿ ಸೊನ್ನೆಯೆಂದರೆ ಪಟ್ಟಿಗೆ ನೇರ ಅಡ್ಡಗತ್ತರಿ. ಅಲ್ಲಿ ಅಳತೆ ಶುರುವಾಗುವುದು ಲಂಬದಿಂದ. ಹೀಗಾಗಿ ಗೋಡೆಯ 48 ಅಲ್ಲಿ 42 ಆಗುತ್ತದೆ, ಗೋಡೆಯ 42 ಅಲ್ಲಿ 48 ಆಗುತ್ತದೆ. ಅಂಕಿಯನ್ನು ಮಾತ್ರ ನಂಬಿ ಕತ್ತರಿಸಿದರೆ ಒಂದು ಮೂಲೆಯ ಪಟ್ಟಿ ಇನ್ನೊಂದು ಮೂಲೆಯದಾಗಿ ಎರಡೂ ಕೆಡುತ್ತವೆ. ಕಾಟಕೋನದಲ್ಲಿ ಈ ತೊಡಕಿಲ್ಲ. 45ನ್ನು ಯಾವ ಕಡೆಯಿಂದ ಅಳೆದರೂ 45ವೇ.

ಪಟ್ಟಿ ಗೋಡೆಗೂ ಛಾವಣಿಗೂ ನಡುವೆ ವಾಲಿಕೊಂಡು ಕೂರುವುದರಿಂದ ಇನ್ನೊಂದು ಸೂಕ್ಷ್ಮವಿದೆ. ಅದನ್ನು ಹಲಗೆಯಂತೆ ಮಲಗಿಸಿ ಕತ್ತರಿಸಿದರೆ ಓರೆ ಎರಡು ದಿಕ್ಕಿಗೆ ಬೇಕಾಗುತ್ತದೆ. ಗೋಡೆಯಿಂದ 38 ಡಿಗ್ರಿ ವಾಲುವ ಪಟ್ಟಿಗೆ, ಮೂಲೆ ಸರಿಯಾಗಿ 90 ಇದ್ದಾಗಲೂ, ಗರಗಸವನ್ನು ಪಕ್ಕಕ್ಕೆ 31.6 ಡಿಗ್ರಿ ತಿರುಗಿಸಿ 33.9 ಡಿಗ್ರಿ ವಾಲಿಸಬೇಕು. 45 ವಾಲುವ ಪಟ್ಟಿಗಾದರೆ 35.3 ಮತ್ತು 30. ಬಡಿಗನು ಈ ಗೊಡವೆಗೆ ಹೋಗಲಿಲ್ಲ. ಮರದ ಕತ್ತರಿಪೆಟ್ಟಿಗೆಯ ತಳವನ್ನೇ ಛಾವಣಿಯೆಂದೂ ಪಕ್ಕದ ಹಲಗೆಯನ್ನೇ ಗೋಡೆಯೆಂದೂ ಭಾವಿಸಿ, ಪಟ್ಟಿಯನ್ನು ತಲೆಕೆಳಗಾಗಿ, ಅದು ಮೇಲೆ ವಾಲುವಂತೆಯೇ ವಾಲಿಸಿ ಇಟ್ಟನು. ಆಗ ಒಂದೇ ಓರೆ ಸಾಕು. ಪೆಟ್ಟಿಗೆಯಲ್ಲಿ ಇದ್ದ 45ರ ಸೀಳುಗಳ ಪಕ್ಕದಲ್ಲಿ ಛಾವಣಿಯ ಗೆರೆಯಿಂದ ತಂದ ಎರಡು ಹೊಸ ಸೀಳುಗಳನ್ನು ಕೊಯ್ದುಕೊಂಡನು. ಮೊದಲು ಬೇಡದ ತುಂಡುಗಳಲ್ಲಿ ಪರೀಕ್ಷಿಸಿ, ಬಳಿಕವೇ ಸಾಗುವಾನಿಗೆ ಗರಗಸ ಇಟ್ಟನು.

ಹಿಂದಿನ ಎರಡು ನೇರ ಮೂಲೆಗಳಲ್ಲಿ ಅವನು ಕಲಮು ಮಾಡಲೇ ಇಲ್ಲ. ಒಂದು ಪಟ್ಟಿಯನ್ನು ನೇರವಾಗಿ ಕತ್ತರಿಸಿ ಮೂಲೆಯವರೆಗೆ ನುಗ್ಗಿಸಿದನು. ಇನ್ನೊಂದರ ತುದಿಯನ್ನು ಮೊದಲು 45ಕ್ಕೆ ಓರೆಗತ್ತರಿಸಿದಾಗ ಅದರ ಉಬ್ಬುತಗ್ಗಿನ ನಕ್ಷೆ ಅಂಚಿನಲ್ಲಿ ಗೆರೆಯಾಗಿ ಮೂಡಿತು. ಆ ಗೆರೆಯ ಗುಂಟ ತೆಳುವಾದ ಬಿಲ್ಲುಗರಗಸದಿಂದ ಕೊರೆದು, ಹಿಂಬದಿಯ ಮರವನ್ನು ತುಸು ಹೆಚ್ಚಾಗಿಯೇ ತೆಗೆದು, ಕಾನಸಿನಿಂದ ತಿದ್ದಿ, ಮೊದಲನೆಯದರ ಮೈಮೇಲೆ ಕೂರಿಸಿದನು. ಏಕೆಂದು ಕೇಳಿದೆನು. ನಮ್ಮ ಸೀಮೆಯಲ್ಲಿ ಬೇಸಿಗೆಯ ಒಣಬಿಸಿಲಿಗೆ ಮರ ಅಡ್ಡಲಾಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ; ಓರೆಗೂಡು ಆಗ ಬಾಯಿ ಬಿಡುತ್ತದೆ, ಒಂದರ ಮೇಲೊಂದು ಕೂತ ಕೂಡು ತುಸು ಸರಿದರೂ ಕಣ್ಣಿಗೆ ತೋರದು ಎಂದನು. ಹಾಗಾದರೆ ಓರೆ ಮೂಲೆಗಳಲ್ಲೂ ಇದನ್ನೇ ಏಕೆ ಮಾಡಲಿಲ್ಲ? ಆರು ಡಿಗ್ರಿಯ ಓರೆಯಲ್ಲಿ ನಕ್ಷೆಯನ್ನು ಮೈಗೆ ಹೊಂದಿಸಲು ಬಹಳ ತಿದ್ದಬೇಕು, ಅಲ್ಲಿ ಅರ್ಧಕ್ಕರ್ಧ ಹಂಚುವುದೇ ಲೇಸು ಎಂಬುದು ಅವನ ಉತ್ತರ.

ಈಗಿನ ಮನೆಗಳಲ್ಲಿ ಮರದ ಬದಲು ಪ್ಲಾಸ್ಟರ್ ಆಫ್ ಪ್ಯಾರಿಸ್ ಪಟ್ಟಿಗಳೇ ಹೆಚ್ಚು. ಜಿಪ್ಸಮ್ ಕಲ್ಲನ್ನು ಸುಮಾರು 150 ಡಿಗ್ರಿ ಶಾಖದಲ್ಲಿ ಸುಟ್ಟು ಅದರ ನೀರಿನಂಶವನ್ನು ಬಹುಪಾಲು ತೆಗೆದ ಪುಡಿ ಅದು. ನೀರು ಕಲಸಿದರೆ ಬಿಸಿಯೇರಿ ಕೆಲವೇ ನಿಮಿಷಗಳಲ್ಲಿ ಮತ್ತೆ ಕಲ್ಲಾಗುತ್ತದೆ. ತಗಡಿನಲ್ಲಿ ಕತ್ತರಿಸಿದ ಅಚ್ಚನ್ನು ಹಸಿ ಗಾರೆಯ ಮೇಲೆ ಗೋಡೆಯುದ್ದಕ್ಕೂ ಎಳೆದರೆ ಪಟ್ಟಿ ತಾನೇ ಮೂಡುತ್ತದೆ. ಆದರೆ ಅಲ್ಲಿಯೂ ಅಚ್ಚು ಮೂಲೆಯವರೆಗೆ ಹೋಗಲಾರದು. ಎದುರು ಗೋಡೆಗೆ ಅದರ ಮೂತಿ ತಾಗಿ ನಿಲ್ಲುತ್ತದೆ. ಕೊನೆಯ ಕೆಲವು ಅಂಗುಲಗಳನ್ನು ಕೈಯಿಂದಲೇ ತಿದ್ದಬೇಕು. ಯಾವ ವಸ್ತುವಾದರೂ ಮೂಲೆಯ ಕೆಲಸ ಕಡೆಗೆ ಕೈಗೇ ಉಳಿಯುತ್ತದೆ.

ಒಂಬತ್ತನೆಯ ತರಗತಿಯಲ್ಲಿ ಕೋನಾರ್ಧಕವನ್ನು ಕಲಿಸುವಾಗ ಪ್ರತಿ ವರ್ಷವೂ ಒಬ್ಬ ಹುಡುಗನಾದರೂ “ಇದು ಯಾತಕ್ಕ ಬರ್ತದ ಸರ್?” ಎಂದು ಕೇಳುತ್ತಿದ್ದನು. ನಾನು ಪುಸ್ತಕದಲ್ಲಿದ್ದ ಉತ್ತರಗಳನ್ನು ಹೇಳುತ್ತಿದ್ದೆನು. ಈಗ ಆ ಪಾಠ ಮಾಡುವವರು ಮಕ್ಕಳನ್ನು ಒಂದು ಹಳೆಯ ಮನೆಗೆ ಕರೆದೊಯ್ದು, ಕೈಗೆ ಒಂದು ಹಲಗೆಚೂರು ಮತ್ತು ಪೆನ್ಸಿಲು ಕೊಡಲಿ ಎಂಬುದು ನನ್ನ ಆಸೆ. ಹನ್ನೆರಡನೆಯ ಶತಮಾನದ ಕಲ್ಯಾಣ ನಮ್ಮೂರಿನಿಂದ ದೂರವೇನಲ್ಲ. ಅಲ್ಲಿ ಬಾಚಿಕಾಯಕದ ಬಸವಯ್ಯನೆಂಬ ಬಡಿಗನು ಶರಣರ ಸಾಲಿನಲ್ಲಿ ಕುಳಿತು ವಚನ ಹೇಳಿದನು. ಬಾಚಿ ಹಿಡಿದ ಕೈಗೂ ಬರೆಯುವ ಕಲಮಿಗೂ ನಂಟಿದೆ ಎಂಬುದನ್ನು ಈ ಸೀಮೆಯಲ್ಲಿ ಹೊಸದಾಗಿ ಸಾಧಿಸಿ ತೋರಿಸಬೇಕಾಗಿಲ್ಲ.

ಮದುವೆ ಚೆನ್ನಾಗಿ ನಡೆಯಿತು. ಬೀಗರಲ್ಲಿ ಯಾರೂ ತಲೆಯೆತ್ತಿ ಮೂಲೆ ನೋಡಿದಂತೆ ಕಾಣಲಿಲ್ಲ. ಚೆನ್ನಾಗಿ ಕೂಡಿದ ಸಂದಿನ ಲಕ್ಷಣವೇ ಅದು. ಅದಕ್ಕಿಂತ ಹೆಚ್ಚಿನ ಸಮಾಧಾನದ ಸಂಗತಿ ಮದುವೆಯ ತಿಂಗಳ ಬಳಿಕ ನಡೆಯಿತು. ತಮ್ಮನ ಮಗನು ತಾನಾಗಿಯೇ ಒಂದು ಮಾತು ಎತ್ತಿದನು: ನೀವಿಬ್ಬರೂ ಇಲ್ಲವಾದ ಮೇಲೆ ಈ ಗೋಡೆಯ ಕಥೆ ಗೊತ್ತಿರುವವರು ಯಾರು? ನಾಳೆ ಈ ಮನೆ ಯಾರ ಕೈಗೆ ಹೋಗುತ್ತದೋ, ಅವರು ಖಾತೆಯನ್ನು ನೋಡಿ ಗೂಟವನ್ನು ಹೊರಕ್ಕೆ ನೆಟ್ಟರೆ? ಅವನ ಮಾತು ಸರಿಯೆನಿಸಿತು. ತಂದೆಯವರ ಕಾಲದಲ್ಲಿ ದಾರ ಸರಿಸಿದರೆ ಸಾಕಾಗಿತ್ತು, ಈಗ ಸಾಲದು. ನಾವು ಅಣ್ಣತಮ್ಮಂದಿರು ಕೂಡಿ, ಓಣಿಯ ತಿರುವಿನ ಆ ಒಂದೂಕಾಲು ಅಡಿಯ ಮೂಲೆಯನ್ನು ದಾರಿಗಾಗಿ ಬಿಟ್ಟಿರುವುದಾಗಿಯೂ ಮುಂದಿನವರು ಅದನ್ನು ಕಟ್ಟಿಕೊಳ್ಳಕೂಡದೆಂದೂ ಛಾಪಾಕಾಗದದ ಮೇಲೆ ಬರೆಸಿ, ನಕ್ಷೆ ಲಗತ್ತಿಸಿ ರುಜು ಹಾಕಿದೆವು. ನಕ್ಷೆಯಲ್ಲಿ ನಾಲ್ಕು ಮೂಲೆಗಳ ಡಿಗ್ರಿಯನ್ನೂ ನಮೂದಿಸಿರುವೆ: 90, 90, 96, 84. ಕೂಡಿಸಿ ನೋಡಿ, 360 ಬರುತ್ತದೆ. ಒಂದು ಪ್ರತಿ ನಮ್ಮ ಪೆಟ್ಟಿಗೆಯಲ್ಲಿದೆ, ಇನ್ನೊಂದು ಪಕ್ಕದ ಮನೆಯಲ್ಲಿದೆ.